ಮತದಾರರ ಪಟ್ಟಿಯಿಂದ ಹೆಸರು ಕಳೆದುಹೋಗದಂತೆ ಕಾಯುವ ಬಗೆ

ಮತದಾನದ ದಿನ ಮತಗಟ್ಟೆಯ ಬಾಗಿಲಲ್ಲಿ ನಿಂತು ಜನರನ್ನು ಹಿಂದಕ್ಕೆ ಕಳಿಸಿದರೆ ಅದು ಎಲ್ಲರ ಕಣ್ಣಿಗೂ ಬೀಳುತ್ತದೆ. ಅದೇ ಜನರ ಹೆಸರುಗಳನ್ನು ಆರು ತಿಂಗಳ ಮೊದಲೇ ಅರ್ಜಿ ಹಾಕಿ ಪಟ್ಟಿಯಿಂದ ತೆಗೆಸಿಬಿಟ್ಟರೆ ಯಾರಿಗೂ ಸುಳಿವು ಸಿಗುವುದಿಲ್ಲ. 1951ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ 62ನೇ ಸೆಕ್ಷನ್ ಪ್ರಕಾರ ಮತ ಹಾಕುವ ಹಕ್ಕಿರುವುದು ಆ ಹೊತ್ತಿಗೆ ಕ್ಷೇತ್ರದ ಪಟ್ಟಿಯಲ್ಲಿ ಹೆಸರಿರುವವರಿಗೆ ಮಾತ್ರ. ಕೈಯಲ್ಲಿ ಎಪಿಕ್ ಎಂಬ ಮತದಾರರ ಗುರುತಿನ ಚೀಟಿ ಇದ್ದು ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ, ಮತಗಟ್ಟೆಯ ಅಧಿಕಾರಿಗೆ ಮನಸ್ಸಿದ್ದರೂ ನಿಮಗೆ ಮತ ಹಾಕಲು ಬಿಡುವ ಅಧಿಕಾರವಿಲ್ಲ. ಹಾಗಾಗಿ ಅಲ್ಪಸಂಖ್ಯಾತರು, ದಲಿತರು, ಅಲೆಮಾರಿಗಳು ಮತ್ತು ವಲಸೆ ಕಾರ್ಮಿಕರು ವಾಸಿಸುವ ಕೇರಿಗಳಲ್ಲಿ ಮತದ ಹಕ್ಕನ್ನು ಕಾಯುವ ಕೆಲಸ ಚುನಾವಣೆ ಘೋಷಣೆಯಾಗುವುದಕ್ಕೆ ಬಹಳ ಮೊದಲೇ, ಪಟ್ಟಿಯ ಪುಟಗಳ ಮೇಲೆಯೇ ಶುರುವಾಗಬೇಕು.

ಇದು ಬರೀ ಊಹೆಯ ಭಯವಲ್ಲ. 2023ರ ವಿಧಾನಸಭಾ ಚುನಾವಣೆಗೆ ಮುನ್ನ ಕಲಬುರಗಿ ಜಿಲ್ಲೆಯ ಆಳಂದ ಕ್ಷೇತ್ರದಲ್ಲಿ ಹೆಸರು ತೆಗೆಯುವಂತೆ ಕೋರಿ 6,018 ಅರ್ಜಿಗಳು ಆನ್‌ಲೈನ್ ಮೂಲಕ ಬಂದಿದ್ದವು. ಅಧಿಕಾರಿಗಳು ಮನೆಮನೆಗೆ ಹೋಗಿ ಪರಿಶೀಲಿಸಿದಾಗ ಅವುಗಳಲ್ಲಿ ಸರಿಯಾಗಿದ್ದವು 24 ಮಾತ್ರ; ಉಳಿದ 5,994 ಅರ್ಜಿಗಳು ತಿರಸ್ಕೃತವಾದವು, ಆ ವರ್ಷದ ಫೆಬ್ರುವರಿಯಲ್ಲಿ ಪೊಲೀಸ್ ದೂರು ದಾಖಲಾಯಿತು. ಸಂಚು ಬಯಲಾದ ರೀತಿಯನ್ನು ಗಮನಿಸಬೇಕು. ಮತಗಟ್ಟೆ ಮಟ್ಟದ ಅಧಿಕಾರಿ (ಬಿಎಲ್‌ಒ) ಒಬ್ಬರಿಗೆ ತಮ್ಮ ಹತ್ತಿರದ ಸಂಬಂಧಿಯ ಹೆಸರನ್ನೇ ತೆಗೆಯಬೇಕೆಂಬ ಅರ್ಜಿ ಕಾಣಿಸಿತು. ಅರ್ಜಿದಾರರೆಂದು ನಮೂದಾಗಿದ್ದ ನೆರೆಯವರನ್ನು ಕೇಳಿದರೆ ಅವರಿಗೆ ಅದರ ವಿಷಯವೇ ಗೊತ್ತಿರಲಿಲ್ಲ. ಸ್ಥಳೀಯರೊಬ್ಬರು ಹೆಸರನ್ನು ಗುರುತಿಸಿ ಪ್ರಶ್ನಿಸದೇ ಹೋಗಿದ್ದರೆ ಅಷ್ಟೂ ಹೆಸರುಗಳ ಗತಿ ಏನಾಗುತ್ತಿತ್ತೋ ಹೇಳಲಾಗದು. 2025ರ ಸೆಪ್ಟೆಂಬರ್‌ನಲ್ಲಿ ಈ ಪ್ರಕರಣ ಮತ್ತೆ ಚರ್ಚೆಗೆ ಬಂದ ಮೇಲೆ ಆನ್‌ಲೈನ್ ಅರ್ಜಿಗಳಿಗೆ ಆಧಾರ್ ಜೋಡಿಸಿದ ಮೊಬೈಲ್ ಮೂಲಕ ಇ-ಸೈನ್, ಅಂದರೆ ಡಿಜಿಟಲ್ ಸಹಿ ಮಾಡುವ ವ್ಯವಸ್ಥೆ ಬಂತು. ಒಂದು ಬಾಗಿಲಿಗೆ ಚಿಲಕ ಬಿದ್ದಿರುವುದು ಒಳ್ಳೆಯದೇ, ಆದರೆ ಕಾವಲು ಬಿಡುವಂತಿಲ್ಲ.

ಪಟ್ಟಿಯನ್ನು ಓದುವುದು

ಮೊದಲ ಕೆಲಸ ನಿಮ್ಮ ಕೇರಿಯ ಪಟ್ಟಿಯನ್ನು ಕೈಗೆ ತಂದುಕೊಳ್ಳುವುದು. ಪ್ರತಿ ವಿಧಾನಸಭಾ ಕ್ಷೇತ್ರದ ಪಟ್ಟಿಯನ್ನು ಭಾಗಗಳಾಗಿ ವಿಂಗಡಿಸಿರುತ್ತಾರೆ; ಸಾಮಾನ್ಯವಾಗಿ ಒಂದು ಭಾಗವೆಂದರೆ ಒಂದು ಮತಗಟ್ಟೆ. ರಾಜ್ಯದ ಮುಖ್ಯ ಚುನಾವಣಾಧಿಕಾರಿಯ ಜಾಲತಾಣದಲ್ಲಿ ಭಾಗವಾರು ಪಟ್ಟಿ ಪಿಡಿಎಫ್ ರೂಪದಲ್ಲಿ ಸಿಗುತ್ತದೆ. ಕರಡು ಪಟ್ಟಿ ಪ್ರಕಟವಾದಾಗ ಕ್ಷೇತ್ರದ ಪಟ್ಟಿಯ ಹೊಣೆ ಹೊತ್ತ ಮತದಾರರ ನೋಂದಣಾಧಿಕಾರಿಯ ಕಚೇರಿಯಲ್ಲೂ ಮತಗಟ್ಟೆಯಲ್ಲೂ ನೋಡಬಹುದು. ಆ ಪಿಡಿಎಫ್ ಚಿತ್ರದ ರೂಪದಲ್ಲಿರುವುದರಿಂದ ಹೆಸರು ಟೈಪ್ ಮಾಡಿ ಹುಡುಕಲು ಬರುವುದಿಲ್ಲ, ಕಣ್ಣಿಟ್ಟು ಸಾಲುಸಾಲಾಗಿ ಓದಬೇಕು. ಇದನ್ನು ಒಬ್ಬರೇ ಮಾಡಿದರೆ ಬೇಸರ ಬರುತ್ತದೆ, ತಪ್ಪೂ ಆಗುತ್ತದೆ. ಒಬ್ಬರು ಗಟ್ಟಿಯಾಗಿ ಓದುತ್ತಾ ಹೋಗಲಿ, ಕೇರಿಯ ಪ್ರತಿ ಮನೆಯನ್ನೂ ಬಲ್ಲ ಹಿರಿಯರೊಬ್ಬರು ಕೇಳಿಸಿಕೊಳ್ಳಲಿ, ಇನ್ನೊಬ್ಬರು ಗುರುತು ಹಾಕಲಿ. ಯಾರು ತೀರಿಕೊಂಡಿದ್ದಾರೆ, ಯಾರು ಮದುವೆಯಾಗಿ ಬೇರೆ ಊರಿಗೆ ಹೋಗಿದ್ದಾರೆ, ಯಾರು ಬದುಕಿದ್ದೂ ಪಟ್ಟಿಯಲ್ಲಿಲ್ಲ ಎಂಬುದನ್ನು ಅವರಷ್ಟು ನಿಖರವಾಗಿ ಯಾವ ಕಂಪ್ಯೂಟರೂ ಹೇಳಲಾರದು.

ಮೂಲ ಪಟ್ಟಿಯನ್ನಷ್ಟೇ ಓದಿ ನಿಲ್ಲಿಸಬಾರದು. ಕೊನೆಯಲ್ಲಿ ಪೂರಕ ಪಟ್ಟಿಗಳಿರುತ್ತವೆ: ಹೊಸದಾಗಿ ಸೇರಿದವರು, ತೆಗೆದವರು, ತಿದ್ದುಪಡಿಯಾದವರು. ತೆಗೆದ ಹೆಸರಿನ ಪಕ್ಕದಲ್ಲಿ ಕಾರಣವನ್ನು ಸೂಚಿಸುವ ಒಂದು ಇಂಗ್ಲಿಷ್ ಅಕ್ಷರ ಇರುತ್ತದೆ. ಇ ಎಂದರೆ ಮೃತಪಟ್ಟವರು, ಎಸ್ ಎಂದರೆ ಮನೆ ಬದಲಿಸಿದವರು, ಆರ್ ಎಂದರೆ ಎರಡು ಕಡೆ ಹೆಸರಿರುವವರು, ಎಂ ಎಂದರೆ ಪತ್ತೆಯಾಗದವರು, ಕ್ಯೂ ಎಂದರೆ ಅನರ್ಹರು. ಒಂದೇ ಬೀದಿಯಲ್ಲಿ ಎಸ್ ಮತ್ತು ಎಂ ಗುರುತುಗಳು ಗುಂಪುಗುಂಪಾಗಿ ಕಂಡರೆ ಅಲ್ಲಿ ನಿಲ್ಲಿ. ಆ ಮನೆಗಳಿಗೆ ಅಂದೇ ಹೋಗಿ, ಜನ ಇದ್ದಾರೆಯೇ ಎಂದು ನೋಡಿ, ಇದ್ದರೆ ಅವರ ಎಪಿಕ್ ಸಂಖ್ಯೆ, ಭಾಗ ಸಂಖ್ಯೆ, ಕ್ರಮ ಸಂಖ್ಯೆಗಳನ್ನು ಬರೆದುಕೊಳ್ಳಿ. ಹೀಗೆ ಬರೆದ ಪುಟವೇ ಮುಂದೆ ದೂರಿನ ಬೆನ್ನೆಲುಬಾಗುತ್ತದೆ. ಬಾಯಿಮಾತಿನಲ್ಲಿ ‘ನಮ್ಮವರ ಹೆಸರೆಲ್ಲ ಹೋಗಿದೆ’ ಎಂದರೆ ಯಾವ ಕಚೇರಿಯೂ ಕದಲುವುದಿಲ್ಲ.

ಆನ್‌ಲೈನ್‌ನಲ್ಲಿ ಒಬ್ಬರ ಹೆಸರನ್ನಷ್ಟೇ ಹುಡುಕುವುದಾದರೆ ಮತದಾರರ ಸೇವಾ ಪೋರ್ಟಲ್ ಅಥವಾ ಚುನಾವಣಾ ಆಯೋಗದ ಆ್ಯಪ್‌ನಲ್ಲಿ ಎಪಿಕ್ ಸಂಖ್ಯೆ ಹಾಕಿ ಹುಡುಕುವುದು ಲೇಸು. ಹೆಸರು ಹಾಕಿ ಹುಡುಕಿದರೆ ಮುಸ್ಲಿಂ ಮತ್ತು ಕ್ರೈಸ್ತ ಹೆಸರುಗಳು ಬೇರೆ ಬೇರೆ ಕಾಗುಣಿತದಲ್ಲಿ ದಾಖಲಾಗಿರುವುದರಿಂದ ಸಿಗದೇ ಹೋಗುವುದು ಹೆಚ್ಚು. ಮೊಹಮ್ಮದ್, ಮಹಮ್ಮದ್, ಮಹಮದ್ ಎಂದು ಒಂದೇ ಮನೆಯ ಅಣ್ಣತಮ್ಮಂದಿರೇ ಮೂರು ಬಗೆಯಾಗಿ ಪಟ್ಟಿಯಲ್ಲಿರಬಹುದು. ಇಂಥ ತಪ್ಪುಗಳನ್ನು ತಿದ್ದುಪಡಿಯ ಅರ್ಜಿಯಾದ ನಮೂನೆ 8ರಲ್ಲಿ ಈಗಲೇ ತಿದ್ದಿಸಿಕೊಳ್ಳಿ. ದಾಖಲೆಯಿಂದ ದಾಖಲೆಗೆ ಹೆಸರು ಹೊಂದುವುದಿಲ್ಲವೆಂಬುದು ಆಮೇಲೆ ಸಂಶಯಕ್ಕೆ ನೆಪವಾಗುತ್ತದೆ.

ಇಲ್ಲೇ ಒಂದು ಎಚ್ಚರಿಕೆಯ ಮಾತು. 2022ರ ನವೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಖಾಸಗಿ ಸಂಸ್ಥೆಯೊಂದರ ಜನ ಮತಗಟ್ಟೆ ಮಟ್ಟದ ಅಧಿಕಾರಿಗಳ ಸೋಗಿನಲ್ಲಿ ಮನೆಮನೆಗೆ ಹೋಗಿ ಮತದಾರರ ಮಾಹಿತಿ ಸಂಗ್ರಹಿಸಿದ ಸಂಗತಿ ಹೊರಬಂತು. ಶಿವಾಜಿನಗರ, ಚಿಕ್ಕಪೇಟೆ, ಮಹದೇವಪುರ ಕ್ಷೇತ್ರಗಳಲ್ಲಿ ಆ ವರ್ಷ ಸೇರಿಸಿದ, ತೆಗೆದ ಹೆಸರುಗಳನ್ನೆಲ್ಲ ಮರುಪರಿಶೀಲಿಸಲು ಚುನಾವಣಾ ಆಯೋಗ ಆದೇಶಿಸಬೇಕಾಯಿತು. ನಿಮ್ಮ ಭಾಗದ ಬಿಎಲ್‌ಒ ಯಾರೆಂಬುದು ಪೋರ್ಟಲ್‌ನಲ್ಲೇ ಇರುತ್ತದೆ. ಅವರ ಹೆಸರು ಮತ್ತು ದೂರವಾಣಿ ಸಂಖ್ಯೆಯನ್ನು ಮನೆಮನೆಗೂ ತಿಳಿಸಿ. ಗುರುತಿನ ಪತ್ರ ತೋರಿಸದ ಯಾರಿಗೂ ಆಧಾರ್, ಎಪಿಕ್, ಮೊಬೈಲ್‌ಗೆ ಬಂದ ಒಟಿಪಿ ಕೊಡಬೇಡಿ.

ನಮೂನೆ 7 ಬಂದಾಗ

ಇನ್ನೊಬ್ಬರ ಹೆಸರನ್ನು ತೆಗೆಯಬೇಕೆಂದು ಆಕ್ಷೇಪಿಸುವ ಅರ್ಜಿಗೆ ನಮೂನೆ 7 ಎಂದು ಹೆಸರು. ಮತದಾನದ ಹಕ್ಕನ್ನು ಕಸಿಯುವ ಪ್ರಯತ್ನಗಳು ಹೆಚ್ಚಾಗಿ ಹಾದುಹೋಗುವ ದಾರಿ ಇದೇ ಆದ್ದರಿಂದ ಇದರ ನಿಯಮಗಳನ್ನು ಚೆನ್ನಾಗಿ ತಿಳಿದಿರಬೇಕು. ಯಾರು ಬೇಕಾದರೂ ಇದನ್ನು ಹಾಕುವಂತಿಲ್ಲ. ಆಕ್ಷೇಪಿಸುವವರ ಹೆಸರು ಅದೇ ಕ್ಷೇತ್ರದ ಪಟ್ಟಿಯಲ್ಲಿರಬೇಕು. ಬಂದ ಅರ್ಜಿಗಳ ಪಟ್ಟಿಯನ್ನು ನೋಂದಣಾಧಿಕಾರಿ ತಮ್ಮ ಕಚೇರಿಯಲ್ಲಿ ಪ್ರದರ್ಶಿಸಬೇಕು, ಆಕ್ಷೇಪಣೆಗಳ ಈ ಪಟ್ಟಿಯನ್ನು ನಮೂನೆ 10 ಎನ್ನುತ್ತಾರೆ. ಪರಿಷ್ಕರಣೆಯ ಅವಧಿಯಲ್ಲಿ ವಾರಕ್ಕೊಮ್ಮೆಯಾದರೂ ಅದನ್ನು ನೋಡುವ ಹೊಣೆಯನ್ನು ಕೇರಿಯ ಓದಿದ ಹುಡುಗ ಹುಡುಗಿಯರಿಗೆ ವಹಿಸಿ. ವರ್ಷದ ಉಳಿದ ದಿನಗಳಲ್ಲಿ ಬರುವ ಅರ್ಜಿಗಳಿಗೂ ಆಕ್ಷೇಪ ಸಲ್ಲಿಸಲು ಏಳು ದಿನಗಳ ಅವಕಾಶವಿರುವ ಪ್ರಕಟಣೆ ಅಂಟಿಸಬೇಕೆಂಬ ನಿಯಮವಿದೆ. ಆ ಏಳು ದಿನಗಳಲ್ಲಿ ಯಾರೂ ಕಚೇರಿಯ ಗೋಡೆಯತ್ತ ತಲೆಯೆತ್ತಿ ನೋಡದಿದ್ದರೆ ನಿಯಮ ಇದ್ದೂ ಇಲ್ಲದಂತೆ.

ಯಾರ ಹೆಸರಿನ ಮೇಲೆ ಆಕ್ಷೇಪವಿದೆಯೋ ಅವರಿಗೆ ನೋಟಿಸ್ ಬರಬೇಕು, ವಿಚಾರಣೆಯಲ್ಲಿ ಮಾತಾಡುವ ಅವಕಾಶ ಸಿಗಬೇಕು. 1950ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ 22ನೇ ಸೆಕ್ಷನ್ ಇದನ್ನು ಸ್ಪಷ್ಟವಾಗಿ ಹೇಳುತ್ತದೆ: ಸ್ಥಳಾಂತರ ಅಥವಾ ಅನರ್ಹತೆಯ ಕಾರಣಕ್ಕೆ ಹೆಸರು ತೆಗೆಯುವ ಮೊದಲು ಆ ವ್ಯಕ್ತಿಯ ಅಹವಾಲು ಕೇಳಲೇಬೇಕು. ನೋಟಿಸ್ ಬಂದರೆ ಹೆದರಿ ಮೂಲೆಯಲ್ಲಿಡಬೇಡಿ. ಬಂದ ದಿನಾಂಕವನ್ನು ಅದರ ಮೇಲೆಯೇ ಬರೆಯಿರಿ, ಒಂದು ಫೋಟೊ ತೆಗೆದಿಟ್ಟುಕೊಳ್ಳಿ, ಆಕ್ಷೇಪಣೆಯ ಪ್ರತಿಯನ್ನು ಲಿಖಿತವಾಗಿ ಕೇಳಿ. ವಿಚಾರಣೆಗೆ ಹೋಗುವಾಗ ಎಪಿಕ್, ಪಡಿತರ ಚೀಟಿ, ವಿದ್ಯುತ್ ಬಿಲ್ಲು ಅಥವಾ ಬ್ಯಾಂಕ್ ಪಾಸ್‌ಬುಕ್, ಹಳೆಯ ಪಟ್ಟಿಯಲ್ಲಿ ನಿಮ್ಮ ಹೆಸರಿರುವ ಪುಟದ ಪ್ರತಿ ಇವುಗಳ ಜೊತೆ ಅಕ್ಕಪಕ್ಕದ ಇಬ್ಬರು ಮತದಾರರನ್ನು ಕರೆದೊಯ್ಯಿರಿ. ಎಲ್ಲಕ್ಕಿಂತ ಮುಖ್ಯವಾಗಿ, ಆಕ್ಷೇಪಿಸಿದವರನ್ನು ಎದುರು ಹಾಜರುಪಡಿಸುವಂತೆ ಕೇಳಿ. ಬೇರೆಯವರ ಹೆಸರು ಬಳಸಿ ಹಾಕಿದ ಅರ್ಜಿಗಳು ಬಿದ್ದುಹೋಗುವುದು ಈ ಒಂದು ಪ್ರಶ್ನೆಯ ಮುಂದೆಯೇ.

ನೀವು ಅಲ್ಲಿ ವಾಸಿಸುವವರಲ್ಲ, ಅಥವಾ ಭಾರತೀಯರೇ ಅಲ್ಲ ಎಂದು ಯಾರಾದರೂ ಆಪಾದಿಸಿದರೆ, ಅದನ್ನು ಸಾಬೀತುಪಡಿಸುವ ಹೊಣೆ ಮೊದಲು ಯಾರದು? 1995ರಲ್ಲಿ ಲಾಲ್ ಬಾಬು ಹುಸೇನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ವಿಚಾರಿಸಿತು. ದೆಹಲಿ ಮತ್ತು ಮುಂಬೈಯ ಕೆಲವು ಪ್ರದೇಶಗಳ ನಿವಾಸಿಗಳಿಗೆ ಪೌರತ್ವ ಸಾಬೀತುಪಡಿಸಿ ಎಂದು ಸಾಮೂಹಿಕವಾಗಿ ನೋಟಿಸ್ ಹೋಗಿತ್ತು. ಈಗಾಗಲೇ ಪಟ್ಟಿಯಲ್ಲಿರುವ ಹೆಸರನ್ನು ಸರಿಯಾದ ವಿಚಾರಣೆಯ ನಂತರವೇ ಸೇರಿಸಲಾಗಿತ್ತೆಂದು ಅಧಿಕಾರಿ ಭಾವಿಸಬೇಕು, ಸಂಶಯಕ್ಕೆ ಕಾರಣವಾದ ಸಾಕ್ಷ್ಯವನ್ನು ವ್ಯಕ್ತಿಗೆ ತಿಳಿಸಬೇಕು, ಅವರು ತಂದ ದಾಖಲೆಗಳನ್ನು ಮುಕ್ತ ಮನಸ್ಸಿನಿಂದ ನೋಡಬೇಕು ಎಂದು ನ್ಯಾಯಾಲಯ ಹೇಳಿತು. ವಿಚಾರಣೆಯ ಲಿಖಿತ ಉತ್ತರದಲ್ಲಿ ಈ ತೀರ್ಪನ್ನು ಹೆಸರಿಸಿ. ಹಾಗೆಂದು ದಾಖಲೆ ಒಯ್ಯದೆ ವಾದವನ್ನಷ್ಟೇ ನಂಬಿ ಹೋಗಬಾರದು. ಅಸ್ಸಾಮಿನಲ್ಲಿ 1997ರಿಂದ ಹೆಸರಿನ ಮುಂದೆ ಸಂಶಯಾಸ್ಪದವೆಂದು ‘ಡಿ’ ಗುರುತು ಬಿದ್ದವರು ಮತ ಹಾಕಲಾಗದೆ ನ್ಯಾಯಮಂಡಳಿಗಳಿಗೆ ಅಲೆದಾಡಬೇಕಾಗಿ ಬಂದಿದೆ.

ಸುಳ್ಳು ಘೋಷಣೆ ಮಾಡಿ ಅರ್ಜಿ ಹಾಕುವುದು 1950ರ ಕಾಯ್ದೆಯ 31ನೇ ಸೆಕ್ಷನ್ ಅಡಿ ಒಂದು ವರ್ಷದವರೆಗೆ ಜೈಲು ಅಥವಾ ದಂಡ ಅಥವಾ ಎರಡನ್ನೂ ವಿಧಿಸಬಹುದಾದ ಅಪರಾಧ. ಅರ್ಜಿ ಸುಳ್ಳೆಂದು ತೀರ್ಮಾನವಾದ ಮೇಲೆ ಸುಮ್ಮನೆ ಮನೆಗೆ ಮರಳದೆ, ಈ ಸೆಕ್ಷನ್ ಅಡಿ ಕ್ರಮ ಕೈಗೊಳ್ಳುವಂತೆ ನೋಂದಣಾಧಿಕಾರಿಗೆ ಬರೆದು ಕೊಡಿ.

ಹೆಸರು ಹೋಗಿಯೇ ಬಿಟ್ಟಿದ್ದರೆ

ಎರಡು ಕೆಲಸಗಳನ್ನು ಒಟ್ಟಿಗೇ ಮಾಡಬೇಕು. ಒಂದು, ತಕ್ಷಣ ನಮೂನೆ 6ರಲ್ಲಿ ಹೊಸದಾಗಿ ಅರ್ಜಿ ಹಾಕಿ ಸ್ವೀಕೃತಿ ಪಡೆಯುವುದು. ಇನ್ನೊಂದು, ಯಾವ ಆದೇಶದ ಮೇಲೆ, ಯಾವ ಕಾರಣಕ್ಕೆ, ಯಾವ ನೋಟಿಸ್ ಕೊಟ್ಟು ಹೆಸರು ತೆಗೆದರೆಂದು ಲಿಖಿತವಾಗಿ ಕೇಳುವುದು. ಮೊದಲನೆಯದನ್ನು ಮಾಡಿ ಎರಡನೆಯದನ್ನು ಬಿಡುವವರೇ ಹೆಚ್ಚು. ಆಗ ಒಬ್ಬರ ಹೆಸರು ಮರಳಿದರೂ ತೆಗೆದ ಕ್ರಮ ಹಾಗೆಯೇ ಉಳಿದು ಮುಂದಿನ ಪರಿಷ್ಕರಣೆಯಲ್ಲಿ ಮತ್ತೊಂದು ಬೀದಿಗೆ ಬರುತ್ತದೆ. ನೋಂದಣಾಧಿಕಾರಿಯ ಆದೇಶದ ವಿರುದ್ಧ 15 ದಿನಗಳೊಳಗೆ ಜಿಲ್ಲಾಧಿಕಾರಿಗೆ, ಅವರ ಆದೇಶದ ವಿರುದ್ಧ 30 ದಿನಗಳೊಳಗೆ ಮುಖ್ಯ ಚುನಾವಣಾಧಿಕಾರಿಗೆ ಅದೇ 1950ರ ಕಾಯ್ದೆಯ 24ನೇ ಸೆಕ್ಷನ್ ಅಡಿ ಮೇಲ್ಮನವಿ ಸಲ್ಲಿಸಬಹುದು.

ಕಾರಣವನ್ನು ಕೇಳುವುದು ಎಷ್ಟು ಮುಖ್ಯವೆಂಬುದನ್ನು ಬಿಹಾರ ತೋರಿಸಿತು. 2025ರ ಜೂನ್‌ನಲ್ಲಿ ಶುರುವಾದ, ಮನೆಮನೆಗೆ ಹೋಗಿ ಪಟ್ಟಿಯನ್ನು ಹೊಸದಾಗಿ ಸಿದ್ಧಪಡಿಸುವ ವಿಶೇಷ ತೀವ್ರ ಪರಿಷ್ಕರಣೆಯ ನಂತರ ಆಗಸ್ಟ್ 1ರಂದು ಪ್ರಕಟವಾದ ಕರಡಿನಲ್ಲಿ ಸುಮಾರು 65 ಲಕ್ಷ ಹೆಸರುಗಳು ಇರಲಿಲ್ಲ. ಯಾರನ್ನು ಏಕೆ ಬಿಟ್ಟರೆಂಬ ವಿವರವನ್ನು ಮೊದಲು ಪ್ರಕಟಿಸಿರಲಿಲ್ಲ. ಆಗಸ್ಟ್ 14ರಂದು ಸುಪ್ರೀಂ ಕೋರ್ಟ್ ಆ ಹೆಸರುಗಳನ್ನು ಕಾರಣಸಹಿತ, ಎಪಿಕ್ ಸಂಖ್ಯೆಯಿಂದ ಹುಡುಕಬಹುದಾದಂತೆ ಪ್ರಕಟಿಸಬೇಕೆಂದು ಮಧ್ಯಂತರ ಆದೇಶ ಕೊಟ್ಟಿತು. ಸೆಪ್ಟೆಂಬರ್ 8ರಂದು ಗುರುತಿನ ದಾಖಲೆಯಾಗಿ ಆಧಾರನ್ನೂ ಒಪ್ಪಬೇಕೆಂದು, ಆದರೆ ಅದು ಪೌರತ್ವದ ಪುರಾವೆಯಲ್ಲವೆಂದು ಹೇಳಿತು. ನಿಮ್ಮಲ್ಲಿ ಇಂಥ ಪರಿಷ್ಕರಣೆ ನಡೆಯುವಾಗ ಬಿಎಲ್‌ಒ ಮನೆಗೆ ತಂದು ಕೊಡುವ ಗಣತಿ ನಮೂನೆಯನ್ನು ತುಂಬಿ ಕೊಡುವುದಷ್ಟೇ ಸಾಲದು. ಅದರ ಎರಡನೇ ಪ್ರತಿಯ ಮೇಲೆ ಬಿಎಲ್‌ಒ ಸಹಿ ಪಡೆದು ಇಟ್ಟುಕೊಳ್ಳಿ. ಹಿಂದಿನ ಪರಿಷ್ಕರಣೆಯ ಪಟ್ಟಿಯಲ್ಲಿ ನಿಮ್ಮ ಅಥವಾ ತಂದೆತಾಯಿಯ ಹೆಸರಿದ್ದ ಭಾಗ ಮತ್ತು ಕ್ರಮ ಸಂಖ್ಯೆಯನ್ನು ಈಗಿನಿಂದಲೇ ಹುಡುಕಿಡಿ.

ಸಮಯದ ಗಡಿಯೊಂದು ಎಲ್ಲಕ್ಕೂ ಇದೆ. ನಾಮಪತ್ರ ಸಲ್ಲಿಕೆಯ ಕೊನೆಯ ದಿನದ ನಂತರ ಆ ಚುನಾವಣೆಗಾಗಿ ಪಟ್ಟಿಗೆ ಹೆಸರು ಸೇರಿಸಲೂ ತೆಗೆಯಲೂ ಬರುವುದಿಲ್ಲ. ಅರ್ಜಿಯ ಪರಿಶೀಲನೆಗೂ ದಿನಗಳು ಬೇಕಾಗುವುದರಿಂದ, ಚುನಾವಣೆ ಘೋಷಣೆಯಾದ ವಾರದಲ್ಲಿ ಓಡಾಡಿದರೆ ಬಹುಮಟ್ಟಿಗೆ ತಡವಾಗಿಬಿಟ್ಟಿರುತ್ತದೆ.

ಊರು ಬಿಟ್ಟು ದುಡಿಯುವವರು, ಮನೆಯಿಲ್ಲದವರು, ಮದುವೆಯಾಗಿ ಹೋದವರು

ಕಬ್ಬು ಕಡಿಯಲು, ಕಟ್ಟಡ ಕಟ್ಟಲು ಕೆಲವು ತಿಂಗಳು ಊರು ಬಿಡುವವರನ್ನು ‘ಸ್ಥಳಾಂತರ’ ಎಂದು ಗುರುತಿಸಿ ತೆಗೆಯುವುದು ಎಲ್ಲಕ್ಕಿಂತ ಸುಲಭ, ಏಕೆಂದರೆ ಬಿಎಲ್‌ಒ ಬಂದ ದಿನ ಮನೆಗೆ ಬೀಗ ಬಿದ್ದಿರುತ್ತದೆ. ತಾತ್ಕಾಲಿಕವಾಗಿ ಹೊರಗಿದ್ದ ಮಾತ್ರಕ್ಕೆ ಒಬ್ಬರು ಆ ಊರಿನ ಸಾಮಾನ್ಯ ನಿವಾಸಿಯಲ್ಲವೆಂದು ಹೇಳಲಾಗದೆಂದು 1950ರ ಕಾಯ್ದೆಯ 20ನೇ ಸೆಕ್ಷನ್ ಸ್ಪಷ್ಟಪಡಿಸಿದೆ. ಹೊರಡುವ ಮುನ್ನ ಬಿಎಲ್‌ಒಗೆ ಒಂದು ಚೀಟಿ ಬರೆದು, ಮರಳುವ ತಿಂಗಳನ್ನೂ ಮೊಬೈಲ್ ಸಂಖ್ಯೆಯನ್ನೂ ತಿಳಿಸಿ, ಮನೆಯ ಹಿರಿಯರ ಬಳಿ ಎಪಿಕ್ ಪ್ರತಿ ಬಿಟ್ಟು ಹೋಗಿ. ನಿಜವಾಗಿಯೂ ಬೇರೆ ಊರಲ್ಲಿ ನೆಲೆಸಿದವರು ಹೊಸ ಅರ್ಜಿಯ ಬದಲು ನಮೂನೆ 8ರಲ್ಲಿ ವರ್ಗಾವಣೆ ಕೇಳಬೇಕು. ಎರಡು ಕಡೆ ಹೆಸರಿರುವುದು ಕಾನೂನಿಗೆ ವಿರುದ್ಧ, ಮೇಲಾಗಿ ಎರಡೂ ಕಡೆಯಿಂದ ತೆಗೆಯಲು ಅದೇ ನೆಪವಾಗುತ್ತದೆ. ಮದುವೆಯಾಗಿ ಬೇರೆ ಮನೆಗೆ ಹೋದ ಹೆಣ್ಣುಮಕ್ಕಳ ಹೆಸರು ತವರಿನಲ್ಲಿ ತೆಗೆದು ಗಂಡನ ಮನೆಯಲ್ಲಿ ಸೇರಿಸದೇ ಹೋಗುವುದು ಸಾಮಾನ್ಯ, ಅವರಿಗೂ ನಮೂನೆ 8 ಅನ್ವಯಿಸುತ್ತದೆ.

ಮನೆಯೇ ಇಲ್ಲದವರಿಗೆ ವಿಳಾಸದ ದಾಖಲೆ ಬೇಕಾಗಿಲ್ಲ. ನಮೂನೆ 6ರಲ್ಲಿ ತಾವು ಮಲಗುವ ಜಾಗವನ್ನು ಬರೆದರೆ ಬಿಎಲ್‌ಒ ರಾತ್ರಿ ಅಲ್ಲಿಗೆ ಬಂದು ನೋಡಿ ದೃಢಪಡಿಸಬೇಕೆಂದು ಆಯೋಗದ ಸೂಚನೆಯಿದೆ. ವಿಳಾಸವಿಲ್ಲವೆಂದು ಅರ್ಜಿಯನ್ನು ಪಡೆಯದೆ ಕಳಿಸಿದರೆ ಈ ಸೂಚನೆಯನ್ನು ನೆನಪಿಸಿ. ಯುವಕರಿಗೆ ಈಗ ವರ್ಷಕ್ಕೆ ನಾಲ್ಕು ಅರ್ಹತಾ ದಿನಾಂಕಗಳಿವೆ, ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್‌ಗಳ 1ನೇ ತಾರೀಖು. 17 ತುಂಬಿದವರು ಮುಂಗಡವಾಗಿಯೇ ಅರ್ಜಿ ಹಾಕಬಹುದು.

ಮತದಾನದ ದಿನ

ಎಪಿಕ್ ಇಲ್ಲದಿದ್ದರೂ ಪಟ್ಟಿಯಲ್ಲಿ ಹೆಸರಿದ್ದರೆ ಆಧಾರ್, ನರೇಗಾ ಜಾಬ್ ಕಾರ್ಡ್, ಭಾವಚಿತ್ರವಿರುವ ಬ್ಯಾಂಕ್ ಅಥವಾ ಅಂಚೆ ಪಾಸ್‌ಬುಕ್, ಪ್ಯಾನ್, ಚಾಲನಾ ಪರವಾನಗಿ, ಪಾಸ್‌ಪೋರ್ಟ್, ಅಂಗವಿಕಲರ ಗುರುತಿನ ಚೀಟಿ ಮೊದಲಾದವುಗಳಲ್ಲಿ ಒಂದನ್ನು ತೋರಿಸಿ ಮತ ಹಾಕಬಹುದು. ಮತದಾನಕ್ಕೆ ಮುನ್ನ ಮನೆಗೆ ಬರುವ ಮತದಾರರ ಮಾಹಿತಿ ಚೀಟಿ ಮಾತ್ರ 2019ರಿಂದ ಗುರುತಿನ ದಾಖಲೆಯಲ್ಲ.

ಪಟ್ಟಿಯಲ್ಲಿ ಹೆಸರಿದ್ದೂ ಗೈರು, ಸ್ಥಳಾಂತರ, ಮೃತ ಎಂಬ ಪ್ರತ್ಯೇಕ ಪಟ್ಟಿಯಲ್ಲಿ ನಿಮ್ಮನ್ನು ಗುರುತಿಸಿದ್ದಾರೆಂದು ಹೇಳಿ ಹಿಂದಕ್ಕೆ ಕಳಿಸಿದರೆ ಒಪ್ಪಬೇಡಿ. ಆ ಪಟ್ಟಿ ಹೆಚ್ಚಿನ ಪರಿಶೀಲನೆಗಾಗಿ ಇರುವುದೇ ಹೊರತು ಮತ ನಿರಾಕರಿಸಲು ಅಲ್ಲ; ಗುರುತು ದೃಢಪಟ್ಟು ಸಹಿಯ ಜೊತೆಗೆ ಹೆಬ್ಬೆಟ್ಟು ಒತ್ತಿದ ಮೇಲೆ ನೀವು ಮತ ಹಾಕಬಹುದು. ನಿಮ್ಮ ಹೆಸರಲ್ಲಿ ಬೇರೆ ಯಾರೋ ಆಗಲೇ ಮತ ಹಾಕಿದ್ದರೆ ಟೆಂಡರ್ ಮತ ಕೇಳಿ. ಅದು ಯಂತ್ರದಲ್ಲಿ ಅಲ್ಲ, ಮತಪತ್ರದಲ್ಲಿ ಹಾಕುವ ಮತ. ಅಧಿಕಾರಿ ಅದಕ್ಕಾಗಿ ನಮೂನೆ 17ಬಿಯಲ್ಲಿ ನಿಮ್ಮ ಸಹಿ ಪಡೆಯುತ್ತಾರೆ. ಪಕ್ಷದ ಏಜೆಂಟರು 2 ರೂಪಾಯಿ ಠೇವಣಿ ಇಟ್ಟು ನಿಮ್ಮ ಗುರುತನ್ನು ಪ್ರಶ್ನಿಸಬಹುದು, ಆದರೆ ಪ್ರಶ್ನೆ ನೀವು ಪಟ್ಟಿಯಲ್ಲಿರುವ ಅದೇ ವ್ಯಕ್ತಿಯೇ ಎಂಬುದಕ್ಕೆ ಸೀಮಿತ. ಅಲ್ಲಿ ಯಾರೂ ನಿಮ್ಮ ಪೌರತ್ವದ ವಿಚಾರಣೆ ನಡೆಸುವಂತಿಲ್ಲ. ಬುರ್ಖಾ ಅಥವಾ ಸೆರಗು ಹೊದ್ದ ಮಹಿಳೆಯರ ಗುರುತನ್ನು ಮಹಿಳಾ ಸಿಬ್ಬಂದಿ ಮರೆಯಲ್ಲಿ ನೋಡಬೇಕು. ಅಂಥ ಮತದಾರರು ಹೆಚ್ಚಿರುವ ಮತಗಟ್ಟೆಗೆ ಮಹಿಳಾ ಸಿಬ್ಬಂದಿ ಬೇಕೆಂದು ವಾರದ ಮೊದಲೇ ಬರೆದು ಕೇಳಿ. ಮುಕ್ತಾಯದ ಹೊತ್ತಿಗೆ ಸಾಲಿನಲ್ಲಿ ನಿಂತವರೆಲ್ಲರಿಗೂ ಮತ ಹಾಕಲು ಬಿಡಬೇಕು, ಆದ್ದರಿಂದ ಸಂಜೆ ಯಾರಾದರೂ ‘ಸಮಯವಾಯಿತು’ ಎಂದರೂ ಸಾಲು ಬಿಡಬೇಡಿ.

ಬೆದರಿಕೆ ಬಂದರೆ

ಪಟ್ಟಿಯಲ್ಲಿ ಹೆಸರಿದ್ದೂ ಮತ ಹಾಕಲಾಗದಂತೆ ಮಾಡುವ ಇನ್ನೊಂದು ದಾರಿ ಭಯ. ಕೆಲಸ ಕೊಡುವುದಿಲ್ಲ, ನೀರು ಬಿಡುವುದಿಲ್ಲ, ಅಂಗಡಿಯಲ್ಲಿ ಸಾಮಾನು ಸಿಗದಂತೆ ಮಾಡುತ್ತೇವೆ ಎಂಬ ಮಾತುಗಳು ಬರುವುದು ಹೆಚ್ಚಾಗಿ ಒಂದೇ ಮತಗಟ್ಟೆಗೆ ಸೇರಿದ ಸಣ್ಣ ಕೇರಿಗಳಿಗೆ. ಯಂತ್ರದಲ್ಲಿ ಯಾರು ಯಾರಿಗೆ ಹಾಕಿದರೆಂದು ತಿಳಿಯದಿದ್ದರೂ ಮತಗಟ್ಟೆವಾರು ಎಣಿಕೆ ಹೊರಬೀಳುವುದರಿಂದ ಇಡೀ ಕೇರಿಯ ಒಲವು ಗೊತ್ತಾಗಿಬಿಡುತ್ತದೆ. ಹಲವು ಮತಗಟ್ಟೆಗಳ ಎಣಿಕೆಯನ್ನು ಕೂಡಿಸಿ ತೋರಿಸುವ ಟೋಟಲೈಸರ್ ಯಂತ್ರದ ಪ್ರಸ್ತಾಪ ಬಂದು ವರ್ಷಗಳಾದರೂ ಜಾರಿಯಾಗಿಲ್ಲ. ಇದು ನನ್ನ ದೃಷ್ಟಿಯಲ್ಲಿ ದುರ್ಬಲ ಸಮುದಾಯಗಳಿಗೆ ಆಗಿರುವ ದೊಡ್ಡ ಅನ್ಯಾಯ. ಅದು ಸರಿಹೋಗುವವರೆಗೆ ಕಾನೂನಿನ ಬೇರೆ ರಕ್ಷಣೆಗಳನ್ನು ಬಳಸಿಕೊಳ್ಳಬೇಕು.

ಮತದಾರರಿಗೆ ಬಹಿಷ್ಕಾರದ, ಜಾತಿಯಿಂದ ಹೊರಹಾಕುವ ಬೆದರಿಕೆ ಒಡ್ಡುವುದು 1951ರ ಕಾಯ್ದೆಯ 123ನೇ ಸೆಕ್ಷನ್ ಪ್ರಕಾರ ಭ್ರಷ್ಟ ಆಚರಣೆ. ಪರಿಶಿಷ್ಟ ಜಾತಿ ಅಥವಾ ಪಂಗಡದವರನ್ನು ಮತ ಹಾಕದಂತೆ ಅಥವಾ ಇಂಥವರಿಗೇ ಹಾಕುವಂತೆ ಬಲವಂತಪಡಿಸುವುದು ದೌರ್ಜನ್ಯ ತಡೆ ಕಾಯ್ದೆಯ 3(1)(ಎಲ್) ಅಡಿ ಅಪರಾಧ, ಶಿಕ್ಷೆ ಆರು ತಿಂಗಳಿಂದ ಐದು ವರ್ಷ ಜೈಲು. ಮತದಾರರ ಮೇಲೆ ಅನುಚಿತ ಪ್ರಭಾವ ಬೀರುವುದಕ್ಕೆ ಶಿಕ್ಷೆ ವಿಧಿಸುವ ಭಾರತೀಯ ನ್ಯಾಯ ಸಂಹಿತೆಯ 174ನೇ ಸೆಕ್ಷನ್ ಎಲ್ಲ ಸಮುದಾಯಗಳ ಮತದಾರರಿಗೂ ಅನ್ವಯಿಸುತ್ತದೆ. ಚುನಾವಣೆಯ ಅವಧಿಯಲ್ಲಿ ಸಿ-ವಿಜಿಲ್ ಆ್ಯಪ್‌ನಲ್ಲಿ ಫೋಟೊ ಅಥವಾ ವಿಡಿಯೊ ಸಹಿತ ದೂರು ಕೊಡಬಹುದು, 1950 ಸಹಾಯವಾಣಿಗೂ ಕರೆ ಮಾಡಬಹುದು. ಆದರೆ ಕೇರಿಯೊಂದರ ಮೇಲೆ ಒತ್ತಡವಿದೆಯೆಂದು ಮೊದಲೇ ಗೊತ್ತಿದ್ದರೆ, ಅದನ್ನು ದುರ್ಬಲ ಪ್ರದೇಶವೆಂದು ಗುರುತಿಸಿ ಭದ್ರತೆ ಕೊಡುವಂತೆ ಜಿಲ್ಲಾ ಚುನಾವಣಾಧಿಕಾರಿಗೆ ಹಲವು ಜನ ಸೇರಿ ಸಹಿ ಹಾಕಿದ ಮನವಿ ಕೊಡುವುದು ಹೆಚ್ಚು ಫಲ ಕೊಡುತ್ತದೆ. ಒಬ್ಬರ ಹೆಸರಲ್ಲಿ ದೂರು ಹೋದರೆ ಬೆದರಿಸುವವರ ಕಣ್ಣು ಆ ಒಬ್ಬರ ಮನೆಯ ಮೇಲೆ ಬೀಳುತ್ತದೆ.

ತಪ್ಪು ಅಧಿಕಾರಿಯದೇ ಆಗಿದ್ದರೆ, ಸಮಂಜಸ ಕಾರಣವಿಲ್ಲದೆ ಕರ್ತವ್ಯ ಮೀರಿದ್ದಕ್ಕೆ 1950ರ ಕಾಯ್ದೆಯ 32ನೇ ಸೆಕ್ಷನ್ ಅಡಿ ಮೂರು ತಿಂಗಳಿಂದ ಎರಡು ವರ್ಷದವರೆಗೆ ಜೈಲು ಶಿಕ್ಷೆ ಇದೆ. ಈ ಅಪರಾಧದ ಬಗ್ಗೆ ನೀವು ನೇರವಾಗಿ ನ್ಯಾಯಾಲಯಕ್ಕೆ ಹೋಗಲು ಬರುವುದಿಲ್ಲ. ಚುನಾವಣಾ ಆಯೋಗ ಅಥವಾ ಮುಖ್ಯ ಚುನಾವಣಾಧಿಕಾರಿಯ ಆದೇಶದ ಮೇಲಷ್ಟೇ ದೂರು ದಾಖಲಾಗುತ್ತದೆ. ಆದ್ದರಿಂದ ತೆಗೆದ ಹೆಸರುಗಳ ಕ್ರಮ ಸಂಖ್ಯೆ, ಮನೆಯಲ್ಲೇ ಇರುವವರ ಸಹಿ, ಬಾರದ ನೋಟಿಸಿನ ಬಗ್ಗೆ ಅವರ ಹೇಳಿಕೆ, ಕೊಟ್ಟ ಅರ್ಜಿಗಳ ಸ್ವೀಕೃತಿ ಇವೆಲ್ಲವನ್ನೂ ಒಂದು ಕಡತವಾಗಿ ಹೊಲಿದು, ಮುಖ್ಯ ಚುನಾವಣಾಧಿಕಾರಿಗೆ ನೋಂದಾಯಿತ ಅಂಚೆಯಲ್ಲಿ ಕಳಿಸಿ, ಅದೇ ಕಡತದ ಇನ್ನೊಂದು ಪ್ರತಿಯನ್ನು ಜಿಲ್ಲಾಧಿಕಾರಿ ಕಚೇರಿಯಲ್ಲಿ ಕೊಟ್ಟು ಮೊಹರು ಹಾಕಿಸಿಕೊಳ್ಳಿ.